ಡಾಕ್ಟರು ‘ಖಚಿತವಾಗಿ ಹೇಳೋಕಾಗಲ್ಲ’ ಅಂದ ಕುದುರೆ: ಕೊಳ್ಳೋದೋ, ಬಿಡೋದೋ?

ಪುಣೆಯ ರೇಸ್ ಸೀಸನ್ ಮಳೆಗಾಲದ್ದು. ಅದು ಮುಗಿದ ಮೇಲೆ ಓಡುವ ಕುದುರೆಗಳು ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಲಾರಿ ಹತ್ತುತ್ತವೆ. ಗೆಲ್ಲದವು, ಕಾಲು ಕೈಕೊಟ್ಟವು ಮಾರಾಟಕ್ಕೆ ಬರುತ್ತವೆ. ಡಿಸೆಂಬರ್‌ನಲ್ಲಿ ದತ್ತ ಜಯಂತಿಗೆ ನಂದುರಬಾರ್ ಜಿಲ್ಲೆಯ ಸಾರಂಗಖೇಡಾ ಜಾತ್ರೆ; ಅಲ್ಲಿ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ದೊಡ್ಡ ಪೇಟೆ. ರೈಡಿಂಗ್ ಕಲಿತ ಮಗಳಿಗೋ ತಮಗೋ ಒಂದು ಕುದುರೆ ಕೊಳ್ಳೋಣ ಅನ್ನುವ ಯೋಚನೆ ಪುಣೆಯ ಕನ್ನಡ ಮನೆಗಳಲ್ಲಿ ಏಳುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ.

ಕುದುರೆ ಇಷ್ಟವಾಯಿತು, ಡಾಕ್ಟರನ್ನು ಕರೆಸಿದಿರಿ. ಅವರು ಒಂದು ಗಂಟೆ ನೋಡಿ, ‘ಎಡ ಮುಂಗಾಲು ಸ್ವಲ್ಪ ಅನುಮಾನ, ಇವತ್ತಿನ ಮಟ್ಟಿಗೆ ಖಚಿತವಾಗಿ ಹೇಳೋಕಾಗಲ್ಲ’ ಅಂದರು. ಪಕ್ಕದಲ್ಲೇ ನಿಂತ ಮಾರುವವರು, ‘ಕಾಹೀ ನಾಹೀ ಹೋ, ಗಾಡೀಚಾ ಥಕವಾ ಆಹೇ’ ಅಂತಾರೆ. ಲಾರಿಯಲ್ಲಿ ಬಂದ ಸುಸ್ತಂತೆ. ಇಬ್ಬರ ಮಾತೂ ನಿಜವಿರಬಹುದು. ಈ ಹಂತದಲ್ಲಿ ಡಾಕ್ಟರನ್ನು ‘ಕೊಳ್ಳಲಾ, ಬೇಡವಾ?’ ಎಂದು ಕೇಳಿದರೆ ಉಪಯೋಗವಿಲ್ಲ. ಕೇಳಬೇಕಾದ್ದು ಎರಡು ಪ್ರಶ್ನೆ: ‘ನಿಮಗೆ ಇನ್ನೂ ಗೊತ್ತಾಗದೆ ಉಳಿದದ್ದು ಏನು? ಯಾವ ಒಂದು ಪರೀಕ್ಷೆ ಮಾಡಿದರೆ ನಿಮ್ಮ ಅಭಿಪ್ರಾಯ ಬದಲಾಗಬಹುದು?’ ಮುಂದಿನ ಹೆಜ್ಜೆಗಳೆಲ್ಲ ಈ ಎರಡರ ಉತ್ತರ ಹುಡುಕುವುದಕ್ಕೇ.

1. ವರದಿಯನ್ನು ಬರೆಸಿಕೊಂಡು ಮೂರು ಭಾಗ ಮಾಡಿ

ಬಾಯಿಮಾತಿನ ವರದಿ ಸಾಲದು. ಒಂದು ಪುಟವಾದರೂ ಸರಿ, ಬರೆದದ್ದು ಬೇಕು. ಅದರಲ್ಲಿರುವುದನ್ನು ಮೂರಾಗಿ ಬೇರ್ಪಡಿಸಿ: ನೋಡಿ ದೋಷ ಕಂಡದ್ದು, ನೋಡಿ ಸರಿ ಇದ್ದದ್ದು, ನೋಡಲೇ ಇಲ್ಲದ್ದು. ‘ಖಚಿತವಿಲ್ಲ’ ಅನ್ನುವ ಎಷ್ಟೋ ವರದಿಗಳಲ್ಲಿ ಮೂರನೆಯ ಪಟ್ಟಿಯೇ ಉದ್ದ ಇರುತ್ತದೆ.

ಪೂರ್ತಿ ಪರೀಕ್ಷೆಯಲ್ಲಿ ಐದು ಹಂತ. ನಿಂತಲ್ಲೇ ಮೈ, ಕಣ್ಣು, ಹಲ್ಲು, ಎದೆ ನೋಡುವುದು. ನಡೆಸಿ, ಟ್ರಾಟ್ (ನಡಿಗೆಗಿಂತ ಚುರುಕಾದ ಹದವಾದ ಓಟ) ಮಾಡಿಸಿ ನೋಡುವುದು. ಸವಾರಿ ಮಾಡಿಸಿ ಮೈ ಬೆವರುವಷ್ಟು ಓಡಿಸುವುದು. ಜೀನು ಬಿಚ್ಚಿ ಸ್ವಲ್ಪ ಹೊತ್ತು ನಿಲ್ಲಿಸುವುದು. ತಣ್ಣಗಾದ ಮೇಲೆ ಮತ್ತೆ ಟ್ರಾಟ್ ಮಾಡಿಸುವುದು. ಕೊನೆಯ ಎರಡನ್ನು ಹಾರಿಸುವುದು ತುಂಬಾ ಸಾಮಾನ್ಯ. ಕೆಲಸದ ಬಿಸಿಯಲ್ಲಿ ಮರೆಯಾದ ಬಿಗಿತ ವಿಶ್ರಾಂತಿಯ ಮೇಲೆ ಹೊರಬೀಳುತ್ತದೆ, ಅದಕ್ಕಾಗಿಯೇ ಆ ಹಂತಗಳು ಇರುವುದು. ಲಾಯದ ಮುಂದಿನ ಓಣಿಯಲ್ಲಿ ಎರಡು ಸಲ ಓಡಿಸಿ ಮುಗಿಸಿದ್ದರೆ, ಕುದುರೆಯ ಬಗ್ಗೆ ಅನುಮಾನ ಪಡುವ ಮೊದಲು ಪರೀಕ್ಷೆಯನ್ನು ಪೂರ್ತಿ ಮಾಡಿಸಿ.

ಎದೆಯ ಬಗ್ಗೆ ಒಂದು ಮಾತು. ನಿಂತಿರುವಾಗ ನಿಮಿಷಕ್ಕೆ 28ರಿಂದ 44 ಬಡಿತ ಸಹಜ. ಒಳ್ಳೆ ಕಸುವಿರುವ ಓಟದ ಕುದುರೆಗಳಲ್ಲಿ ನಿಂತಾಗ ನಡುನಡುವೆ ಒಂದು ಬಡಿತ ತಪ್ಪುವುದುಂಟು. ಓಡಿಸಿದ ಮೇಲೆ ಅದು ಸರಿಹೋದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಓಡಿಸದೆ ಕೇಳಿ ‘ಎದೆ ಅನುಮಾನ’ ಎಂದು ಬರೆದಿದ್ದರೆ, ಓಡಿಸಿದ ಮೇಲೆ ಮತ್ತೆ ಕೇಳಿಸಿ.

2. ಯಾವ ನೆಲದ ಮೇಲೆ ಓಡಿಸಿದರು?

ನಿಜವಾದ ಸುಳಿವು ಇರುವುದು ಇಲ್ಲಿ. ಗೊರಸು ಅಥವಾ ಕೀಲಿನ ನೋವಿದ್ದರೆ ಗಟ್ಟಿ ನೆಲದ ಮೇಲೆ ಕುಂಟು ಹೆಚ್ಚು ಕಾಣುತ್ತದೆ. ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು) ನೋವಿದ್ದರೆ ಮೆತ್ತನೆಯ ಮರಳಲ್ಲಿ ಹೆಚ್ಚು. ಮಳೆಗಾಲದಲ್ಲಿ ಪುಣೆಯ ಸುತ್ತಲಿನ ಅಂಗಳವೆಲ್ಲ ಹಸಿಯಾಗಿ ಮೆತ್ತಗಿರುವಾಗ, ಗೊರಸಿನ ನೋವಿರುವ ಕುದುರೆಯೂ ಚೆನ್ನಾಗಿಯೇ ಓಡೀತು. ಆದ್ದರಿಂದ ಡಾಂಬರು ಅಥವಾ ಪೇವರ್ ಹಾಸಿದ ನೇರ ದಾರಿ, ಗಟ್ಟಿ ಮುರುಮು ನೆಲದ ಮೇಲೆ ಉದ್ದ ಹಗ್ಗದಲ್ಲಿ ಎಂಟು-ಹತ್ತು ಮೀಟರ್ ಅಗಲದ ಸುತ್ತು, ಅದೇ ಸುತ್ತು ಮರಳಲ್ಲಿ, ಹೀಗೆ ಮೂರೂ ಬೇಕು. ಸುತ್ತು ಎಡಕ್ಕೂ ಬಲಕ್ಕೂ ಆಗಬೇಕು. ಗಟ್ಟಿ ನೆಲ ಜಾರುವಂತಿರಬಾರದು. ಜಾರುವ ಭಯಕ್ಕೆ ಹೆಜ್ಜೆ ಚಿಕ್ಕದಾಗಿಟ್ಟ ಕುದುರೆಯನ್ನೂ ಕುಂಟು ಎಂದು ಬರೆದುಬಿಡಬಹುದು.

ನೀವೂ ನೋಡಿ, ವೀಡಿಯೊ ಮಾಡಿ. ಫೋನನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ಒಂದೊಂದು ಸಲ ನಿಧಾನಗತಿಯಲ್ಲಿ ತೆಗೆಯಿರಿ. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಹಗ್ಗವನ್ನು ಸಡಿಲವಾಗಿ ಹಿಡಿದಿರಬೇಕು. ದವಡೆಯ ಹತ್ತಿರ ಬಿಗಿಹಿಡಿದು ಓಡಿಸಿದರೆ ತಲೆ ಆಡುವುದೇ ಗೊತ್ತಾಗುವುದಿಲ್ಲ. ಕೆಲವರು ಬೇಕೆಂದೇ ಹಾಗೆ ಹಿಡಿಯುತ್ತಾರೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗುತ್ತದೆ. ಹಿಂಗಾಲಿನದಾದರೆ ಸೊಂಟದ ಎರಡು ಬದಿಗಳಲ್ಲಿ ಒಂದು ಹೆಚ್ಚು ಏರಿಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಟ್ರಾಟ್‌ನಲ್ಲಿ, ಅಂದರೆ ಸೈಸ್‌ಗಳು ದುಲ್ಕಿ ಅನ್ನುವ ನಡಿಗೆಯಲ್ಲಿ, ಸರಿ ಇರುವ ಕುದುರೆಯ ಲಾಳದ ಸದ್ದು ಗಡಿಯಾರದಂತೆ ಸಮವಾಗಿ ಬೀಳುತ್ತದೆ. ಒಂದು ‘ಟಕ್’ ಜೋರು, ಇನ್ನೊಂದು ಮೆಲ್ಲಗೆ ಕೇಳಿದರೆ ಮೆಲ್ಲಗಿನ ಕಾಲನ್ನು ಅದು ಕಾಪಾಡಿಕೊಳ್ಳುತ್ತಿದೆ. ಕಣ್ಣಿಗೆ ಕಾಣದ ಸಣ್ಣ ಕುಂಟನ್ನು ಕಿವಿ ಹಿಡಿಯುವುದುಂಟು.

3. ಮಡಿಸಿ ಓಡಿಸಿದ ಪರೀಕ್ಷೆಗೆ ಎಷ್ಟು ಬೆಲೆ ಕೊಡಬೇಕು?

ಕಾಲನ್ನು ಸುಮಾರು ಒಂದು ನಿಮಿಷ ಮಡಿಸಿ ಹಿಡಿದು ತಕ್ಷಣ ಟ್ರಾಟ್ ಮಾಡಿಸುವ ಫ್ಲೆಕ್ಷನ್ ಪರೀಕ್ಷೆಯೇ ಬಹುಪಾಲು ಗೊಂದಲದ ಮೂಲ. ಒಬ್ಬ ಡಾಕ್ಟರು ಬಲವಾಗಿ ಒತ್ತುತ್ತಾರೆ, ಇನ್ನೊಬ್ಬರು ಮೆಲ್ಲಗೆ. ಫಲಿತಾಂಶವೂ ಹಾಗೇ ಬದಲಾಗುತ್ತದೆ. ಸಾಕಷ್ಟು ಒತ್ತಿದರೆ ಚೆನ್ನಾಗಿರುವ ಕುದುರೆಯೂ ಎರಡು-ಮೂರು ಹೆಜ್ಜೆ ಕುಂಟುತ್ತದೆ. ಆದ್ದರಿಂದ ‘ಪಾಸಿಟಿವ್’ ಎಂದಷ್ಟೇ ಬರೆದಿದ್ದರೆ ಕೇಳಿ: ಎಷ್ಟು ಹೆಜ್ಜೆ ಕುಂಟಿತು? ಜೊತೆಯ ಕಾಲಲ್ಲಿ ಹೇಗಿತ್ತು? ಅದೇ ಕೀಲಿನಲ್ಲಿ ಬಿಸಿ, ಊತ ಇತ್ತೇ? ವಯಸ್ಸಾದ ಕುದುರೆ ನಾಲ್ಕೂ ಕಾಲಲ್ಲಿ ಒಂದಿಷ್ಟು ಬಿಗಿತ ತೋರಿಸಿದರೆ ಅದು ವಯಸ್ಸಿನದು. ಮೂರು ಕಾಲು ಸರಿ ಇದ್ದು, ಒಂದೇ ಕಾಲು ಹತ್ತಾರು ಹೆಜ್ಜೆ ಕುಂಟಿ, ಮತ್ತೊಂದು ದಿನವೂ ಹಾಗೇ ಮಾಡಿದರೆ ಅದು ಲೆಕ್ಕಕ್ಕೆ ಬರುತ್ತದೆ.

4. ಸಾಮಾನ್ಯ ಕಾರಣಗಳನ್ನು ಮೊದಲು ತೆಗೆದುಹಾಕಿ

ಲಾರಿ ಸುಸ್ತು ಅನ್ನುವುದು ಸುಳ್ಳೇ ಆಗಬೇಕಿಲ್ಲ. ಹಾಗೆಯೇ ಗೊರಸು ಅತಿಯಾಗಿ ಕೆತ್ತಿರಬಹುದು, ಲಾಳದ ಮೊಳೆ ಗೊರಸಿನೊಳಗಿನ ಜೀವವಿರುವ ಭಾಗಕ್ಕೆ ಹತ್ತಿರ ಹೋಗಿರಬಹುದು, ಅಂಗಾಲಿಗೆ ಕಲ್ಲೇಟು ಬಿದ್ದಿರಬಹುದು, ಒಳಗೆ ಕೀವು ಕಟ್ಟುತ್ತಿರಬಹುದು. ಮಳೆಗಾಲ ಮುಗಿದ ಹೊಸದರಲ್ಲಿ ನೆನೆದು ಮೆತ್ತಗಾದ ಗೊರಸಿಗೆ ಇದೆಲ್ಲ ಬೇಗ ಆಗುತ್ತದೆ. ಕೊನೆಯ ಸಲ ಲಾಳ ಕಟ್ಟಿದ್ದು ಯಾವಾಗ ಎಂದು ಕೇಳಿ. ನೆನ್ನೆ-ಮೊನ್ನೆ ಆಗಿದ್ದರೆ ಲಾಳ ಕಟ್ಟುವ ನಾಲ್‌ಬಂದ್‌ನನ್ನು ಕರೆಸಿ ಲಾಳ ಬಿಚ್ಚಿಸಿ, ಡಾಕ್ಟರ ಮುಂದೆ ಇಕ್ಕಳದಿಂದ ಅಂಗಾಲನ್ನು ಸುತ್ತಲೂ ಒತ್ತಿಸಿ ನೋಡಿ.

ಗೊರಸಿನ ನಾಡಿ ಹಿಡಿಯುವುದನ್ನು ನೀವೂ ಕಲಿಯಬಹುದು. ಗೊರಸಿನ ಮೇಲಿನ ಗಂಟು ಕೀಲಿಗೆ ಫೆಟ್‌ಲಾಕ್ ಎನ್ನುತ್ತಾರೆ. ಅದರ ಹಿಂಬದಿಯಲ್ಲಿ, ಎರಡೂ ಪಕ್ಕದಲ್ಲಿ, ಚರ್ಮದ ಕೆಳಗೆ ದಾರದಂಥದ್ದು ಬೆರಳಿಗೆ ಸಿಗುತ್ತದೆ. ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ಅರ್ಧ ನಿಮಿಷ ಕಾಯಿರಿ. ನಾಲ್ಕೂ ಕಾಲಲ್ಲಿ ನೋಡಿ. ಸಾಮಾನ್ಯವಾಗಿ ಅದು ಸಿಕ್ಕರೆ ಸಿಕ್ಕಿತು ಅನ್ನುವಷ್ಟು ಕ್ಷೀಣ. ಒಂದು ಕಾಲಲ್ಲಿ ಮಾತ್ರ ಢವಢವ ಹೊಡೆಯುತ್ತಿದ್ದರೆ ಆ ಗೊರಸಿನೊಳಗೆ ಉರಿಯೂತವಿದೆ. ಎರಡೂ ಮುಂಗಾಲಲ್ಲಿ ಹಾಗಿದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತ, ಇರಬಹುದು. ಇದು ಕಾದು ನೋಡುವ ಕಾಯಿಲೆಯಲ್ಲ, ಅಂದೇ ಡಾಕ್ಟರಿಗೆ ಹೇಳಿ.

ಇಂಥ ಕಾರಣ ಕಂಡರೆ 10–14 ದಿನ ಬಿಟ್ಟು ಅದೇ ಡಾಕ್ಟರಿಂದ, ಅದೇ ನೆಲದ ಮೇಲೆ ಮರುಪರೀಕ್ಷೆ. ಆ ದಿನಗಳಲ್ಲಿ ಯಾವ ನೋವಿನ ಮದ್ದೂ ಕೊಡುವುದಿಲ್ಲ ಎಂದು ಮಾರುವವರಿಂದ ಬರೆಸಿಕೊಳ್ಳಿ. ಬ್ಯೂಟ್, ಅಂದರೆ ಫಿನೈಲ್‌ಬ್ಯುಟಜೋನ್, ಸುಲಭವಾಗಿ ಸಿಗುತ್ತದೆ, ಸಣ್ಣ ಕುಂಟನ್ನು ಚೆನ್ನಾಗಿಯೇ ಮುಚ್ಚುತ್ತದೆ. ಕೀಲಿಗೆ ಚುಚ್ಚಿದ ಸ್ಟಿರಾಯ್ಡ್ ಆದರೆ ವಾರಗಟ್ಟಲೆ ಮುಚ್ಚಿಡಬಲ್ಲದು; ಎರಡು ವಾರದ ಅಂತರ ಅದಕ್ಕೆ ಸಾಲದು. ಹಾಗಾಗಿ ಮರುಪರೀಕ್ಷೆಯ ದಿನ ಡಾಕ್ಟರು ಎರಡು ಟ್ಯೂಬ್ ರಕ್ತ ತೆಗೆದು, ಇಬ್ಬರ ಸಹಿ ಹಾಕಿ ಸೀಲ್ ಮಾಡಿ ಇಟ್ಟುಕೊಳ್ಳಲಿ. ತಕ್ಷಣ ಪರೀಕ್ಷೆಗೆ ಕಳಿಸಲೇಬೇಕೆಂದಿಲ್ಲ. ರಕ್ತ ತೆಗೆಯುತ್ತೇವೆ ಅಂದಾಗ ಮಾರುವವರ ಮುಖ ನೋಡಿದರೂ ಅರ್ಧ ಉತ್ತರ ಸಿಗುತ್ತದೆ.

ಮರುಪರೀಕ್ಷೆಯ ದಿನ ಬೆಳಗಿನ ಆರಕ್ಕೆ, ಕುದುರೆಯನ್ನು ಲಾಯದಿಂದ ಹೊರಗೆ ತರುವ ಮೊದಲೇ ಹೋಗಿ. ಹೋದಾಗ ಕಾಲಿಗೆ ಆಗಲೇ ನೀರು ಹೊಡೆದು ತಣ್ಣಗೆ ಮಾಡಿದ್ದರೆ, ಬ್ಯಾಂಡೇಜ್ ಈಗಷ್ಟೇ ಬಿಚ್ಚಿದ ಗೆರೆ ಕೂದಲ ಮೇಲಿದ್ದರೆ, ‘ಸ್ವಲ್ಪ ಸುತ್ತಾಡಿಸಿ ತಂದೆವು’ ಅಂದರೆ, ಆ ದಿನದ ಪರೀಕ್ಷೆಯನ್ನು ಮುಂದೂಡಿ.

5. ಒಂದೇ ಒಂದು ಪರೀಕ್ಷೆಗೆ ದುಡ್ಡು ಹಾಕುವುದಾದರೆ ಯಾವುದು?

ಎಲ್ಲ ಎಕ್ಸ್‌ರೇ ತೆಗೆಸಿಬಿಡೋಣ ಅನ್ನುವುದು ದುಬಾರಿ ತಪ್ಪು. ಎಂಟು-ಹತ್ತು ವರ್ಷ ದುಡಿದ ಯಾವ ಕುದುರೆಯ ಎಕ್ಸ್‌ರೇಯಲ್ಲೂ ಏನಾದರೂ ಕಂಡೇ ಕಾಣುತ್ತದೆ. ನೋವು ಎಲ್ಲಿದೆ ಎಂದು ಗೊತ್ತಿಲ್ಲದೆ ತೆಗೆದ ಚಿತ್ರ ಹೊಸ ಅನುಮಾನಗಳನ್ನಷ್ಟೇ ಕೊಡುತ್ತದೆ.

ಕುಂಟು ಪ್ರತಿ ಸಲ ಕಾಣುವಷ್ಟಿದ್ದರೆ ಮೊದಲು ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು, ನರ್ವ್ ಬ್ಲಾಕ್. ಕೆಳಗಿನಿಂದ ಶುರುಮಾಡಿ ಗೊರಸಿನ ಹಿಂಭಾಗವನ್ನು ಮರಗಟ್ಟಿಸಿ, ಐದು-ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸುತ್ತಾರೆ. ಕುಂಟು ಹೋದರೆ ನೋವು ಅಲ್ಲೇ. ಎಡಗಾಲಿನ ಕುಂಟು ಹೋಗಿ ಬಲಗಾಲು ಕುಂಟತೊಡಗಿದರೆ ಇನ್ನೂ ದೊಡ್ಡ ಸುದ್ದಿ: ನೋವು ಎರಡೂ ಗೊರಸಲ್ಲಿತ್ತು, ಹೆಚ್ಚು ನೋಯುವ ಕಾಲು ಇನ್ನೊಂದನ್ನು ಮರೆಮಾಡಿತ್ತು. ನ್ಯಾವಿಕ್ಯುಲರ್ (ಗೊರಸಿನೊಳಗೆ ಹಿಂಭಾಗದಲ್ಲಿರುವ ಸಣ್ಣ ಮೂಳೆಯ) ತೊಂದರೆ ಹೀಗೇ ಹೊರಬೀಳುತ್ತದೆ. ಆಗ ಲಾಳ ಬಿಚ್ಚಿಸಿ ಎರಡೂ ಮುಂಗೊರಸಿನ ಎಕ್ಸ್‌ರೇ ತೆಗೆಸಿದರೆ ಅದಕ್ಕೆ ಅರ್ಥವಿದೆ. ಚುಚ್ಚುವುದಕ್ಕೆ ಮಾರುವವರ ಒಪ್ಪಿಗೆ ಬೇಕೇ ಬೇಕು, ಕುದುರೆ ಇನ್ನೂ ಅವರದು. ಕುಂಟು ಒಮ್ಮೆ ಕಂಡು ಒಮ್ಮೆ ಮಾಯವಾಗುವಷ್ಟು ಸಣ್ಣದಾದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು. ಹೋಯಿತೋ ಇಲ್ಲವೋ ಹೇಳುವುದು ಹೇಗೆ?

ರೇಸ್‌ನಿಂದ ಬಂದ ಥರೋಬ್ರೆಡ್ (ಓಟದ ಕುದುರೆಯ ತಳಿ) ಆದರೆ ಮುಂಗಾಲಿನ ಟೆಂಡನ್ ಮೇಲೆ ಮೊದಲ ಗಮನ. ಕಾಲೆತ್ತಿ ಹಿಡಿದು, ಮಂಡಿಯ ಕೆಳಗಿನಿಂದ ಫೆಟ್‌ಲಾಕ್‌ವರೆಗೆ ಹಿಂಬದಿಯ ಹಗ್ಗದಂಥ ಟೆಂಡನ್ನನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಇಷ್ಟಿಷ್ಟೇ ಜಾರಿಸಿ. ಒಂದು ಕಡೆ ಬಿಲ್ಲಿನಂತೆ ಉಬ್ಬಿದ್ದರೆ, ಬೆಚ್ಚಗಿದ್ದರೆ, ಕುದುರೆ ಕಾಲು ಕಿತ್ತುಕೊಂಡರೆ ಅಲ್ಟ್ರಾಸೌಂಡ್ ಮಾಡಿಸಿ, ಎರಡೂ ಕಾಲಿನದು. ಗುಣವಾದ ಹಳೆಯ ಗಾಯ ಸವಾರಿಗೆ ತೊಡಕಾಗದಿರಬಹುದು. ಮಧ್ಯದಲ್ಲಿ ಕಪ್ಪು ರಂಧ್ರದಂತೆ ಕಾಣುವ ಹೊಸ ಗಾಯಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು, ಮತ್ತೆ ಹರಿಯುವ ಭಯವೂ ಇರುತ್ತದೆ. ಥರೋಬ್ರೆಡ್ ಜೊತೆ ಅದರ ಗುರುತಿನ ಪುಸ್ತಕವಾದ ಪಾಸ್‌ಪೋರ್ಟ್ ಕೇಳಿ, ಮೈಕ್ರೋಚಿಪ್ ಸಂಖ್ಯೆ ಡಾಕ್ಟರ ಯಂತ್ರದಲ್ಲಿ ತಾಳೆ ನೋಡಿ. ವಯಸ್ಸು ಅಲ್ಲೇ ಸಿಗುತ್ತದೆ.

ಜಾತ್ರೆಯ ಕುದುರೆಗೆ ಪಾಸ್‌ಪೋರ್ಟ್ ಇರುವುದು ಅಪರೂಪ, ಹಲ್ಲೇ ಆಧಾರ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ವಸಡಿನಿಂದ ಕೆಳಗಿಳಿಯುವ ಕಂದು ಗೀರು ಸುಮಾರು 10 ವರ್ಷದ ಹೊತ್ತಿಗೆ ಶುರುವಾಗಿ, 15ರ ಹೊತ್ತಿಗೆ ಅರ್ಧ ತಲುಪಿ, 20ರ ಹೊತ್ತಿಗೆ ತುದಿ ಮುಟ್ಟುತ್ತದೆ. ‘ಎಂಟು ವರ್ಷ’ ಎಂದು ಮಾರುವ ಕುದುರೆಯಲ್ಲಿ ಆ ಗೀರು ಅರ್ಧ ಇಳಿದಿದ್ದರೆ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಸುಳಿಗಳ ವಿಚಾರ ಇಲ್ಲಿ ಬೇಡ. ಸುಳಿ ನೋಡಿ ಬೆಲೆ ಏರಿಸುವವರು ಇಳಿಸುವವರು ಬೇಕಾದಷ್ಟು ಇದ್ದಾರೆ, ಸುಳಿಯಿಂದ ಕಾಲು ಕುಂಟಿದ್ದಿಲ್ಲ.

ಕಾಲಲ್ಲೇ ಇರದ ಕುಂಟೂ ಉಂಟು. ಹಿಂಭಾಗ ತೂರಾಡುವುದು, ಹೊಟ್ಟೆಯ ಕೆಳಗೆ ಅಥವಾ ಕಾಲಲ್ಲಿ ನೀರು ತುಂಬಿದ ಊತ, ಮೈ ಇಳಿಯುವುದು ಕಂಡರೆ ಸರ್ರಾ ರೋಗ ನೆನಪಿರಲಿ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರಕ್ತದ ಪರೋಪಜೀವಿ ಅದು. ಜ್ವರ ಬಂದುಹೋಗಿ ಮಾಡುತ್ತದೆ; ಜ್ವರವಿಲ್ಲದ ದಿನ ತೆಗೆದ ರಕ್ತದ ಲೇಪನದಲ್ಲಿ ಏನೂ ಕಾಣದಿರಬಹುದು. ಒಂದು ವಾರ ಬೆಳಿಗ್ಗೆ-ಸಂಜೆ ಉಷ್ಣತೆ ಬರೆದಿಡಿಸಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಅದು ಮೇಲೇರಿದ ದಿನ ರಕ್ತ ತೆಗೆಸಿ. ಗ್ಲಾಂಡರ್ಸ್ ಪರೀಕ್ಷೆಯಂತೂ ಜಾತ್ರೆಯ ಕುದುರೆಗೆ ಬಿಡುವಂತೆಯೇ ಇಲ್ಲ. ಮನುಷ್ಯರಿಗೂ ಹತ್ತುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ದೃಢಪಟ್ಟ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ದೃಢಪಡಿಸುವ ಪ್ರಯೋಗಾಲಯ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ವರದಿ ಕೈಗೆ ಬರುವವರೆಗೆ ಲಾರಿ ಮಾತಾಡಬೇಡಿ.

6. ನಿಮಗೆ ಬೇಕಾದ ಕೆಲಸ ಯಾವುದು?

ವಾರಕ್ಕೆ ಮೂರು ದಿನ ನಡಿಗೆ, ಸ್ವಲ್ಪ ಟ್ರಾಟ್, ಅಷ್ಟೇ ಸಾಕೆಂದರೆ ಹಿಂಗಾಲಿನ ನಡುವಿನ ಹಾಕ್ ಎಂಬ ಕೀಲಿನ ಕೆಳಭಾಗದಲ್ಲಿ ಒಂದಿಷ್ಟು ಸವೆತವಿರುವ 12 ವರ್ಷದ ಕುದುರೆ ಬಹಳ ವರ್ಷ ಸೇವೆ ಕೊಡಬಹುದು. ಒಂದು ಮೀಟರ್ ಬೇಲಿ ಹಾರಿಸಬೇಕು ಅಂದರೆ ಅದೇ ವರದಿಗೆ ಬೇಡ ಅನ್ನಬೇಕು. ಡಾಕ್ಟರಿಗೆ ಈ ಕೆಲಸವನ್ನು ಮೊದಲೇ ಹೇಳಿ. ‘ಕುದುರೆ ಚೆನ್ನಾಗಿದೆಯಾ’ ಅನ್ನುವುದಕ್ಕೆ ಉತ್ತರ ಕಷ್ಟ, ‘ಇಂಥ ಕೆಲಸಕ್ಕೆ ಆದೀತಾ’ ಅನ್ನುವುದಕ್ಕೆ ಸುಲಭ.

ಸವಾರರ ತೂಕವೂ ಸೇರಬೇಕು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಹೆಚ್ಚುಕಡಿಮೆ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 175, ಉದ್ದ 155 ಆದರೆ ಸುಮಾರು 400 ಕಿಲೋ. ಅದರ ಐದನೇ ಒಂದು ಭಾಗ, ಜೀನೂ ಸೇರಿ 80 ಕಿಲೋ, ದಾಟಬಾರದು. 85 ಕಿಲೋ ತೂಗುವ ಅಪ್ಪ ಭಾನುವಾರ ಒಂದು ಸುತ್ತು ಹೋಗುವ ಆಸೆ ಇಟ್ಟುಕೊಂಡಿದ್ದರೆ, ಅನುಮಾನದ ಕಾಲಿನ ಈ ಕುದುರೆ ಬೇಡ.

7. ದುಡ್ಡಿನ ಮಾತು

ಗೊತ್ತಿರುವ ದೋಷಕ್ಕೆ ರಿಯಾಯಿತಿ ಕೇಳಿ. ಗೊತ್ತಿಲ್ಲದ ದೋಷಕ್ಕೆ ರಿಯಾಯಿತಿ ಒಪ್ಪಿಕೊಳ್ಳಬೇಡಿ. ‘ಅನುಮಾನ ಇದೆ ಅಂತೀರಲ್ಲ, ಕಾಲು ಭಾಗ ಕಡಿಮೆ ಮಾಡ್ತೀನಿ’ ಅಂದಾಗ ಮನಸ್ಸು ಜಾರುತ್ತದೆ. ಆದರೆ ಕೊಳ್ಳುವ ಬೆಲೆ ಒಂದೇ ಸಲದ್ದು. 400 ಕಿಲೋ ಕುದುರೆ ಒಣ ಲೆಕ್ಕದಲ್ಲಿ ದಿನಕ್ಕೆ ಎಂಟು ಕಿಲೋ ಮೇವು ತಿನ್ನುತ್ತದೆ, ಕುಂಟಿದರೂ ಅಷ್ಟೇ, ಓಡಿದರೂ ಅಷ್ಟೇ. ಆರರಿಂದ ಎಂಟು ವಾರಕ್ಕೊಮ್ಮೆ ನಾಲ್‌ಬಂದ್ ಬರಲೇಬೇಕು. 25 ವರ್ಷ ಬದುಕುವ ಪ್ರಾಣಿ. ಸವಾರಿಗೆ ಬಾರದಿದ್ದರೆ ಮಾರುವುದೂ ಕಷ್ಟ. ಪುಕ್ಕಟೆ ಕೊಡುತ್ತೇವೆ ಅನ್ನುವ ರೇಸ್ ಕುದುರೆಗೂ ಇದೇ ಲೆಕ್ಕ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಕ್ಕರೂ ನಗಲಿ, ಇಲ್ಲಿ ಮೊಳ ಹಾಕಲೇಬೇಕು.

ಮುಂಗಡ ಕೊಡುವಾಗ ‘ಮರುಪರೀಕ್ಷೆಯಲ್ಲಿ ಡಾಕ್ಟರು ಒಪ್ಪದಿದ್ದರೆ ಪೂರ್ತಿ ವಾಪಸ್’ ಎಂದು ತಾರೀಕು ಸಮೇತ ಬರೆಸಿ. ಇಲ್ಲವಾದರೆ ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

8. ಕಾಗದದಲ್ಲಿ ಏನಿರಬೇಕು

1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಕುದುರೆಯದೇ ಉದಾಹರಣೆಗಳಿವೆ. ದೋಷವಿದೆ ಎಂದು ಗೊತ್ತಿದ್ದೂ ಹೇಳದೆ ಹರಾಜಿನಲ್ಲಿ ಕುದುರೆ ಮಾರಿದರೆ ಬರೀ ಆ ಮೌನ ಮೋಸವಲ್ಲ ಎನ್ನುತ್ತದೆ ಒಂದು. ಕೊಳ್ಳುವವನು ‘ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಎಂದುಕೊಳ್ಳುತ್ತೇನೆ’ ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ ಎನ್ನುತ್ತದೆ ಇನ್ನೊಂದು. ಅಂದರೆ ನೀವು ಕೇಳಬೇಕು, ಕೇಳಿದ್ದು ದಾಖಲೆಯಾಗಿರಬೇಕು. ಹಣ ಕೊಡುವ ಮೊದಲು ಮಾರುವವರಿಗೆ ಅರ್ಥವಾಗುವ ಮರಾಠಿಯಲ್ಲೋ ಹಿಂದಿಯಲ್ಲೋ ವಾಟ್ಸಾಪ್‌ನಲ್ಲಿ ಕಳಿಸಬೇಕಾದ್ದರ ಸಾರ ಇಷ್ಟು:

‘ಈ ಕುದುರೆಗೆ ಕಳೆದ ಒಂದು ವರ್ಷದಲ್ಲಿ ಕುಂಟು, ಹೊಟ್ಟೆನೋವು, ಟೆಂಡನ್ ಗಾಯ, ಕೀಲಿಗೆ ಚುಚ್ಚುಮದ್ದು, ಆಪರೇಷನ್ ಆಗಿದೆಯೇ? ಕಳೆದ 15 ದಿನದಲ್ಲಿ ನೋವಿನ ಮದ್ದು ಕೊಟ್ಟಿದ್ದೀರಾ? ಒದೆಯುವ, ಕಚ್ಚುವ, ಲಾರಿ ಹತ್ತದ ಚಾಳಿ ಇದೆಯೇ? ನೀವು ಇದೆ ಎನ್ನದಿದ್ದರೆ ಇವೇನೂ ಇಲ್ಲ ಎಂದುಕೊಂಡು ಕೊಳ್ಳುತ್ತಿದ್ದೇನೆ.’

ಇನ್ನೊಂದು ದಾರಿ, ಒಪ್ಪಿಗೆಯಾದರೆ ಮಾತ್ರ ಮಾರಾಟ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮು ಇಂಥ ವ್ಯವಹಾರದ್ದೇ. ಮೂರು-ನಾಲ್ಕು ವಾರ ನಿಮ್ಮ ಲಾಯದಲ್ಲಿ ಇಟ್ಟುಕೊಂಡು, ನೀವು ಮಾಡಿಸುವ ಕೆಲಸವನ್ನೇ ಮಾಡಿಸಿ ನೋಡುವುದು. ಅನಿಶ್ಚಿತ ವರದಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಕೊನೆಯ ತಾರೀಕು, ಅಷ್ಟರಲ್ಲಿ ಗಾಯವಾದರೆ ಖರ್ಚು ಯಾರದು, ಯಾರು ಸವಾರಿ ಮಾಡಬಹುದು, ವಾಪಸ್ ಸಾಗಿಸುವ ಲಾರಿ ಬಾಡಿಗೆ ಯಾರದು, ಇಷ್ಟೂ ಬರೆದಿರಬೇಕು. ತಾರೀಕು ದಾಟಿದ ಮೇಲೂ ಬೇಡ ಎಂದು ತಿಳಿಸದೆ ಇಟ್ಟುಕೊಂಡರೆ ಕಾನೂನಿನ ಲೆಕ್ಕದಲ್ಲಿ ಕುದುರೆ ನಿಮ್ಮದಾಯಿತು.

9. ಕೈಬಿಡಬೇಕಾದದ್ದು, ತೆಗೆದುಕೊಳ್ಳಬಹುದಾದದ್ದು

ಮಾರುವವರು ಮರುಪರೀಕ್ಷೆಗೋ ರಕ್ತಕ್ಕೋ ಒಪ್ಪದಿದ್ದರೆ, ‘ಇನ್ನೊಬ್ಬರು ನಾಳೆಯೇ ಒಯ್ಯುತ್ತಾರೆ’ ಎಂದು ಅವಸರ ಮಾಡಿದರೆ, ಎರಡು ವಾರದ ಅಂತರದಲ್ಲೂ ಅದೇ ಕಾಲು ಕುಂಟಿ ಕಾರಣ ಸಿಗದಿದ್ದರೆ, ಬಿಡಿ. ಕಾರಣ ಸಿಕ್ಕಿ ಅದು ನಿಮ್ಮ ಕೆಲಸಕ್ಕೆ ಅಡ್ಡಿಯಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ, ಅಥವಾ ಲಾಳ ಬದಲಿಸಿ ಎರಡು ವಾರದ ಮೇಲೆ ಮೂರೂ ನೆಲದಲ್ಲಿ ಚೆನ್ನಾಗಿ ಓಡಿದರೆ, ಕೊಳ್ಳಿ. ಪರೀಕ್ಷೆ ಮಾಡುವ ಡಾಕ್ಟರೇ ಮಾರುವವರ ಲಾಯದ ಖಾಯಂ ಡಾಕ್ಟರೂ ಆಗಿದ್ದರೆ ಇನ್ನೊಬ್ಬರನ್ನು ಹುಡುಕಿ. ಪುಣೆಯಲ್ಲಿ ಕುದುರೆ ನೋಡುವವರ ವಲಯ ಚಿಕ್ಕದು, ಮುಜುಗರವಾಗಬಹುದು. ‘ಈ ಕುದುರೆಗೆ ನೀವು ಮೊದಲು ಔಷಧ ಕೊಟ್ಟಿದ್ದೀರಾ’ ಎಂದು ಮೊದಲ ಫೋನಿನಲ್ಲೇ ಕೇಳಿಬಿಡಿ.

ಕೊಂಡಾದ ಮೇಲೆ ಲಾರಿ ಹತ್ತಿಸುವಾಗ ಪ್ರಯಾಣಕ್ಕೆ ಯೋಗ್ಯ ಎಂಬ ಡಾಕ್ಟರ ಪ್ರಮಾಣಪತ್ರ ಚಾಲಕನ ಕೈಯಲ್ಲಿರಲಿ. ನಿಮ್ಮಲ್ಲಿ ಬೇರೆ ಕುದುರೆಗಳಿದ್ದರೆ ಹೊಸದನ್ನು ಮೂರು ವಾರ ದೂರ ಕಟ್ಟಿ. ಬಕೆಟ್, ಬ್ರಷ್, ಹಗ್ಗ ಎಲ್ಲ ಬೇರೆ. ಎಕ್ಸ್‌ರೇ ಫೈಲುಗಳನ್ನು ಡಾಕ್ಟರಿಂದ ಪೆನ್‌ಡ್ರೈವ್‌ನಲ್ಲಿ ಇಸಿದುಕೊಳ್ಳಿ. ಮುಂದಿನ ವರ್ಷ ಅದೇ ಕಾಲು ಅನುಮಾನ ಬಂದಾಗ ಹೋಲಿಸಿ ನೋಡಲು ಡಾಕ್ಟರು ಮೊದಲು ಕೇಳುವುದು ಇವತ್ತಿನ ಚಿತ್ರವನ್ನೇ.